ಭಂಡಾರ ಮುಟ್ಟಿ ಕೊಟ್ಟ ಮಾತು

ಕಡತ ಒಪ್ಪವಾಗಿಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಚೇರಿಯಲ್ಲಿ ಯಾರೂ ಇರಲಿಲ್ಲ. ಇದನ್ನು ಜಂಬದಿಂದ ಹೇಳಿಕೊಂಡು ತಿರುಗಿದ ಕಾಲವೊಂದಿತ್ತು. ನಾರಾಯಣಪೇಟೆಯಲ್ಲಿ ಅಪ್ಪನಿಗೆ ಸೀರೆ ಅಂಗಡಿ. ಗಿರಾಕಿಗಳು ಬಿಚ್ಚಿ ಹರವಿ ಹೋದ ಸೀರೆಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಮಡಿಸುವ ತನಕ ಅವರು ಊಟಕ್ಕೆ ಏಳುತ್ತಿರಲಿಲ್ಲ. ಒಂದು ಅಂಚು ಬೆರಳಗಲ ಆಚೆ ಇದ್ದರೂ ಮತ್ತೆ ಬಿಚ್ಚುವರು. ಅವ್ವ ಒಳಗಿನಿಂದ ಬೈಯುತ್ತಲೇ ಇರುವಳು. ಅಪ್ಪನ ಆ ಚಟ ನನಗೆ ಬಂತು. ನನ್ನ ಕೈಗೆ ಸೀರೆಯ ಬದಲು ಕಾಗದ ಸಿಕ್ಕಿತು.

ನಾನಿದ್ದದ್ದು ಸರ್ಕಾರದ ಒಂದು ವೈದ್ಯಕೀಯ ಸಂಶೋಧನಾ ಘಟಕದಲ್ಲಿ. ಹೆಸರು ದೊಡ್ಡದು, ಜಾಗ ಮಕ್ತಲ್‌ನಲ್ಲಿ ಎರಡೇ ಕೋಣೆ. ಒಂದು ಜೀಪು, ರಕ್ತದ ಸೀಸೆಗಳನ್ನಿಡುವ ಒಂದು ಫ್ರಿಜ್ಜು, ಒಬ್ಬ ಡಾಕ್ಟರು, ರಕ್ತ ತೆಗೆಯುವ ಒಬ್ಬ ಟೆಕ್ನಿಷಿಯನ್, ಮತ್ತೆ ಆಡಳಿತ ಸಹಾಯಕಿ ಎಂಬ ಹುದ್ದೆಯಲ್ಲಿ ನಾನು. ಸೂಜಿ ಹಿಡಿಯುವುದು ನನ್ನ ಕೆಲಸವಲ್ಲ, ರೋಗ ಹೇಳುವುದೂ ನನ್ನ ಕೆಲಸವಲ್ಲ. ಯಾರ ರಕ್ತ, ಅದಕ್ಕೆ ಯಾವ ಸಂಖ್ಯೆ, ಕೊಟ್ಟವರ ಒಪ್ಪಿಗೆ ಇದೆಯೋ ಇಲ್ಲವೋ, ಹೈದರಾಬಾದಿಗೆ ಯಾವತ್ತು ಹೋಯಿತು, ಅಲ್ಲಿಂದ ಉತ್ತರ ಯಾವತ್ತು ಬಂತು, ಇದನ್ನೆಲ್ಲ ಕಾಗದದ ಮೇಲೆ ನೆಟ್ಟಗೆ ನಿಲ್ಲಿಸುವುದು ನನ್ನ ಪಾಲಿನದು.

ತೆಲಂಗಾಣ ಬರುವುದಕ್ಕೆ ಸ್ವಲ್ಪ ಮುಂಚೆ ನಮಗೊಂದು ಅಧ್ಯಯನ ಬಂತು. ಕುರಿಗಳಲ್ಲಿ ಕಂದು ಹಾಕುವ ರೋಗ ಅಂತ ಒಂದಿದೆ. ತುಂಬಿದ ಕುರಿ ದಿನ ತುಂಬುವ ಮೊದಲೇ ಮರಿ ಚೆಲ್ಲುತ್ತದೆ. ಅದನ್ನು ಬರಿಗೈಯಲ್ಲಿ ಎತ್ತಿ ಹಾಕಿದವರಿಗೆ, ಆ ಕುರಿಯ ಹಸಿ ಹಾಲು ಕುಡಿದವರಿಗೆ ರೋಗ ಅಂಟುತ್ತದೆ. ಜ್ವರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕೀಲು ಹಿಡಿಯುತ್ತದೆ. ಹೆಂಗಸರಿಗೆ ಬಸುರು ಇಳಿಯುವುದೂ ಉಂಟು. ಆರು ವಾರ ತಪ್ಪದೆ ಗುಳಿಗೆ ನುಂಗಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ, ಆದರೆ ರೋಗ ಇದೆಯೆಂದು ಮೊದಲು ಗೊತ್ತಾಗಬೇಕು. ಉಟ್ಕೂರ್ ಮತ್ತು ಕೆ.ಟಿ. ದೊಡ್ಡಿ ಕಡೆಯ ಕುರುಬರ ಹಟ್ಟಿಗಳಲ್ಲಿ ಎಷ್ಟು ಮಂದಿಗೆ ಇದು ತಗುಲಿದೆ ಎಂದು ರಕ್ತ ನೋಡಿ ತಿಳಿಯುವುದು ನಮ್ಮ ಅಧ್ಯಯನ.

ರಕ್ತ ತೆಗೆಯುವ ಮೊದಲು ಒಪ್ಪಿಗೆ ಪತ್ರ ಓದಿ ಹೇಳಬೇಕು. ಪತ್ರ ತೆಲುಗಿನಲ್ಲಿತ್ತು. ನಮ್ಮ ಡಾಕ್ಟರು ಕೋಸ್ತಾ, ಅಂದರೆ ತೆಲುಗರ ಕಡಲತೀರದ ಕಡೆಯವರು, ಅವರಿಗೆ ಕನ್ನಡ ಬಾರದು. ಹಟ್ಟಿಯ ಹೆಂಗಸರಿಗೆ ತೆಲುಗು ಬರುತ್ತದೆ, ಸಂತೆಗೆ ಬೇಕಾದಷ್ಟು. ಹಾಗಾಗಿ ಡಾಕ್ಟರು ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಉಟ್ಕೂರಿನ ಹತ್ತಿರದ ಒಂದು ಹಟ್ಟಿಯಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದೆ. ಕಚೇರಿಯ ಕುರ್ಚಿ ಬಿಟ್ಟು ಬಂದದ್ದು ನನಗೆ ಹಿತವಾಗಿತ್ತು. ನಮ್ಮ ಮನೆ ಮಾತನ್ನು ಸರ್ಕಾರದ ಕೆಲಸಕ್ಕೆ ಬಳಸಿದ್ದು ಅದೇ ಮೊದಲು, ಅದೇ ಕೊನೆ.

ಹನ್ನೊಂದನೆಯ ಸಾಲಿಗೆ ಬಂದಾಗ ಒಬ್ಬಳು ನನ್ನನ್ನು ತಡೆದಳು. ಮೂವತ್ತರ ಆಸುಪಾಸಿನವಳು, ನೆಟ್ಟನೆಯ ಆಳು, ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತರೆ ನನಗಿಂತ ಒಂದು ಗೇಣು ಎತ್ತರ. ಆ ಸಾಲಿನಲ್ಲಿ ಹೀಗಿತ್ತು: ಪರೀಕ್ಷೆಯ ಫಲಿತಾಂಶ ನನಗೆ ತಿಳಿಸಬೇಕು. ಪಕ್ಕದಲ್ಲಿ ಎರಡು ಚೌಕ, ಹೌದು, ಬೇಡ.

“ಬ್ಯಾಡ ಅನ್ನೋರೂ ಅದಾರೇನ್ರಿ ಅಕ್ಕಾರ?” ಎಂದಳು.

“ಅದಾರವ್ವ. ಹೆದರಿ ಬ್ಯಾಡ ಅಂತಾರ.”

“ನನಗ ಬೇಕ್ರಿ. ಎರಡ ಸಲ ಹೊಟ್ಟಿ ನಿಲ್ಲಲಿಲ್ಲ. ಸಂಜೀ ಆತಂದ್ರ ಮೈ ಸುಡತೈತಿ, ಮುಂಜಾನಿ ಏನೂ ಇಲ್ಲ. ನಮ್ಮತ್ತಿ ದೇವರ ಕಾಟ ಅಂತಾಳ. ದೇವರದೋ ರಕ್ತದ್ದೋ, ಒಂದು ತಿಳೀಲಿ.”

ನಾನು ಹೌದು ಎಂಬ ಚೌಕದಲ್ಲಿ ಗುರುತು ಹಾಕಿದೆ. ಏನಾದರೂ ಇದ್ದರೆ ಬಂದು ಹೇಳುತ್ತೇವೆ ಎಂದೆ. ಅವಳಿಗೆ ಅಷ್ಟು ಸಾಲಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಚೀಲ ಬಿಚ್ಚಿದಳು. ಅದರಲ್ಲಿ ಭಂಡಾರ, ಬೀರಪ್ಪನ ಗುಡಿಯಿಂದ ತಂದ ಅರಿಶಿನದ ಪುಡಿ. ಆ ಮಂದಿ ಪ್ರಾಣ ಬಿಟ್ಟಾರು, ಭಂಡಾರ ಮುಟ್ಟಿ ಆಡಿದ ಮಾತು ಬಿಡಲಿಕ್ಕಿಲ್ಲ. ಕುರಿ ಕೊಡುವುದು, ಹೆಣ್ಣು ಕೊಡುವುದು, ಜಗಳ ಮುಗಿಸುವುದು ಎಲ್ಲ ಅದರ ಮೇಲೆ.

“ಬಾಯಾಗ ಅಲ್ರಿ. ಇದರ ಮ್ಯಾಲ ಕೈ ಇಟ್ಟು ಹೇಳ್ರಿ.”

ನಮ್ಮ ಮನೆಯಲ್ಲಿ ವಿಭೂತಿಯ ರೂಢಿ, ಭಂಡಾರದ್ದಲ್ಲ. ಆದರೂ ಬೆರಳು ಇಟ್ಟೆ. “ಏನರ ಇತ್ತಂದ್ರ ನಾನೇ ಬಂದು ಹೇಳ್ತೀನಿ” ಎಂದೆ. ಟೆಕ್ನಿಷಿಯನ್ ಮುಸಿಮುಸಿ ನಕ್ಕ. ಅವಳು ಭಂಡಾರ ಹಿಡಿದ ಕೈಯ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಆಮೇಲೆ ಕಾಗದಕ್ಕೆ ಒತ್ತಿದಳು. ನೀಲಿ ಗುರುತಿನ ಸುತ್ತ ಹಳದಿ ಹತ್ತಿತು. ಕಾಗದ ಕೊಳೆಯಾಯಿತಲ್ಲ ಎಂದು ನನಗೆ ಒಳಗೊಳಗೇ ಕಿರಿಕಿರಿಯಾದದ್ದು ನೆನಪಿದೆ.

ಅಷ್ಟರಲ್ಲಿ ರಾಜ್ಯ ಬಂತು. ಮಕ್ತಲ್ ಬಸ್ ನಿಲ್ದಾಣದಲ್ಲಿ ಗುಲಾಲು ಎರಚಿದರು, ನಾನೂ ಎರಚಿದೆ. ಸಂತೋಷ ನಿಜವಾದದ್ದೇ. ಮರುದಿನದಿಂದ ಕಚೇರಿಯಲ್ಲಿ ಬೇರೆಯದೇ ಹಬ್ಬ ಶುರುವಾಯಿತು. ಬೋರ್ಡು ಬದಲಾಗಬೇಕು, ರಬ್ಬರ್ ಮೊಹರು ಬದಲಾಗಬೇಕು, ಲಕೋಟೆ, ಪತ್ರದ ತಲೆಬರಹ, ಜೀಪಿನ ಹಣೆಯ ಮೇಲಿನ ಹೆಸರು. ನಾನು ಯಾರೂ ಕೇಳದೆ ಇದ್ದರೂ ಪಟ್ಟಿ ಮಾಡಿಕೊಂಡು ಒಂದೊಂದನ್ನೇ ಬದಲಿಸುತ್ತ ಹೋದೆ. ಹಳೆಯ ರಾಜ್ಯದ ಹೆಸರಿರುವ ಒಂದು ಗುಂಡುಸೂಜಿ ಡಬ್ಬಿಯನ್ನೂ ಬಿಡಲಿಲ್ಲ. ಡಾಕ್ಟರು ಮಾತ್ರ ಮಂಕಾಗಿದ್ದರು. ನೌಕರರನ್ನು ಎರಡು ರಾಜ್ಯಕ್ಕೆ ಹಂಚುತ್ತಾರೆ, ತನ್ನನ್ನು ಯಾವ ಪಾಲಿಗೆ ಹಾಕುತ್ತಾರೋ ಎಂಬ ಚಿಂತೆಯಲ್ಲಿ ನಾನು ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಮಾಡುತ್ತಿದ್ದರು.

ಆ ವರ್ಷದ ಕೊನೆಗೆ ಹೈದರಾಬಾದಿನಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಬಳಸುವ ಒಪ್ಪಿಗೆ ಪತ್ರಗಳಲ್ಲಿ ಹೊಸ ರಾಜ್ಯದ ಹೆಸರಿರಬೇಕು. ಜೊತೆಗೆ, ಎರಡು ತಿಂಗಳಲ್ಲಿ ತಪಾಸಣೆಗೆ ಬರುತ್ತೇವೆ ಎಂಬ ಪತ್ರ. ಇನ್ನು ಮುಂದೆ ಅಂದರೆ ಇನ್ನು ಮುಂದೆ. ಅಷ್ಟು ಓದಲು ಬಾರದವಳಲ್ಲ ನಾನು. ಆದರೆ ನನ್ನ ಕಡತದಲ್ಲಿ ಅರ್ಧ ಹಳೆಯ ರಾಜ್ಯ, ಅರ್ಧ ಹೊಸ ರಾಜ್ಯ ಆಗುತ್ತಿತ್ತು. ಅದನ್ನು ನೆನೆಸಿಕೊಂಡರೇ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಡಾಕ್ಟರ ಹತ್ತಿರ ಹೋಗಿ, ಎಲ್ಲರ ಒಪ್ಪಿಗೆಯನ್ನೂ ಹೊಸ ಪತ್ರದಲ್ಲಿ ಮತ್ತೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಆಕ್ಷೇಪಣೆ ಬರುತ್ತದೆ ಎಂದೆ. ಅವರು ಕಣ್ಣೆತ್ತದೆ, “ಮೀರೇ ಚೂಸುಕೋಂಡಿ ಮೇಡಮ್” ಎಂದರು. ನೀವೇ ನೋಡಿಕೊಳ್ಳಿ ಎಂದರೆ ನನಗೆ ಮತ್ತೇನು ಬೇಕು?

ಹಟ್ಟಿಗೆ ಹೋದಾಗ ಅಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಸುಗ್ಗಿ ಮುಗಿದ ಮೇಲೆ ಅವರು ಮಂದೆ ಹೊಡೆದುಕೊಂಡು ಹೊಳೆ ದಾಟಿ ಗದ್ವಾಲ್, ಮಾನೋಪಾಡು ಕಡೆಗೆ ಹೋಗುತ್ತಾರೆ, ಕೊಯ್ದ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾರೆ. ಇವತ್ತು ಈ ಹೊಲ, ನಾಳೆ ಇನ್ನೊಂದು. ಮನೆಯಲ್ಲಿದ್ದವರು ಮುದುಕ ಮುದುಕಿಯರು. ಆ ಎತ್ತರದ ಹೆಂಗಸಿನ ಅತ್ತೆ ಜಗುಲಿಯ ಮೇಲೆ ಉಣ್ಣೆ ನೂಲುತ್ತಿದ್ದಳು. ಮಗ ಸೊಸೆ ಇಬ್ಬರೂ ಮಂದೆಯ ಜೊತೆ ಹೋಗಿದ್ದಾರೆ ಎಂದಳು. ನಾನು ಪೇಚಾಡುವುದನ್ನು ನೋಡಿ ಅವಳಿಗೇ ಕನಿಕರ ಬಂತು.

“ಅದಕ್ಯಾಕ ಅಷ್ಟ್ ಚಿಂತಿ ಮಾಡ್ತೀ ಯವ್ವಾ? ಸೊಸೀದೂ ನಾನೇ ಒತ್ತತೀನಿ, ಮಗಂದೂ ಒತ್ತತೀನಿ. ಮನಿಗೆ ಹಿರೇಳು ನಾನ ಅಲ್ಲೇನು? ರೇಷನ್ನಿಗೂ ನಂದ ಹೆಬ್ಬಟ್ಟು.”

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಅವರ ಮನೆಗಳಲ್ಲಿ ಹಿರಿಯರ ಹೆಬ್ಬೆಟ್ಟು ಇಡೀ ಮನೆಯ ಹೆಬ್ಬೆಟ್ಟು. ಬೇಡ ಅನ್ನಬೇಕಾದವಳು ನಾನು. ಅನ್ನಲಿಲ್ಲ. ಒಂದೇ ಗುರುತು ಎರಡು ಕಡೆ ಕಾಣಬಾರದೆಂದು ಒಂದಕ್ಕೆ ಬಲಗೈ, ಇನ್ನೊಂದಕ್ಕೆ ಎಡಗೈ ಹಿಡಿ ಎಂದು ಹೇಳಿಕೊಟ್ಟೆ. ಬೇರೆ ಮನೆಗಳಲ್ಲೂ ಹಾಗೇ ಮಾಡಿದೆ. ಮುದುಕಿ ನನಗೆ ಮಜ್ಜಿಗೆ ಕೊಟ್ಟಳು, ಕುಡಿದೆ.

ಮಾರನೆಯ ದಿನ ಮಧ್ಯಾಹ್ನ ಕಚೇರಿಯಲ್ಲಿ ಕೂತು ಹಾಳೆಗಳನ್ನು ತುಂಬಿದೆ. ಹೆಸರು, ವಯಸ್ಸು, ಊರು ಹಳೆಯದರಿಂದ ಇಳಿಸಿದೆ. ಹನ್ನೊಂದನೆಯ ಸಾಲಿನಲ್ಲಿ ಕೈ ಸಿಕ್ಕಿಕೊಂಡಿತು. ಹೌದು ಎಂದು ಗುರುತು ಹಾಕಿದರೆ ಅದರ ಕೆಳಗೆ ಇನ್ನೊಂದು ಖಾನೆ ತುಂಬಬೇಕು: ಎಲ್ಲಿ ತಿಳಿಸಬೇಕು, ಯಾರು ತಿಳಿಸಿದರು, ಯಾವ ತಾರೀಕು. ಹೊಲದಿಂದ ಹೊಲಕ್ಕೆ ಹೋಗುವವರಿಗೆ ಯಾವ ವಿಳಾಸ ಬರೆಯಲಿ? ಖಾಲಿ ಬಿಟ್ಟರೆ ಕಡತ ಅಪೂರ್ಣ, ತಪಾಸಣೆಯವರು ಮೊದಲು ಬೆರಳಿಡುವುದು ಅಲ್ಲೇ. ಬೇಡ ಎಂದು ಗುರುತು ಹಾಕಿದರೆ ಹಾಳೆ ಅಲ್ಲಿಗೆ ಮುಗಿಯುತ್ತದೆ. ಮಂದೆಯ ಜೊತೆ ಹೋದವರಿಗೆಲ್ಲ ಬೇಡ ಎಂದು ಹಾಕಿದೆ. ಅವಳ ಹಾಳೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು ಎಂದು ಬರೆಯಲು ಆಸೆಯಾಗುತ್ತದೆ. ನಿಲ್ಲಲಿಲ್ಲ. ಗುರುತುಗಳೆಲ್ಲ ಒಂದೇ ಅಳತೆಯಲ್ಲಿ ಬಂದಿವೆಯೇ ಎಂದು ನೋಡುತ್ತಿದ್ದೆ. ಹಳೆಯ ಹಾಳೆಗಳ ಮೇಲೆ ರದ್ದು ಎಂದು ಗೀಟು ಹೊಡೆದು ಗಂಟು ಕಟ್ಟಿ ಬೀರುವಿನ ತಳಕ್ಕೆ ಹಾಕಿದೆ.

ಮೂರು ವಾರಕ್ಕೆ ಹೈದರಾಬಾದಿನಿಂದ ಫಲಿತಾಂಶ ಬಂತು. ಅದರಲ್ಲಿ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಸಂಖ್ಯೆಗೆ ಹೆಸರು ಕೂಡಿಸಿ, ರೋಗ ಇದ್ದವರಲ್ಲಿ ಹೌದು ಎಂದವರ ಪಟ್ಟಿಯನ್ನು ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ಡಾಕ್ಟರು ಜೀಪಿನಲ್ಲಿ ಹೋಗಿ ಅವರಿಗೆ ಹೇಳಿ ಗುಳಿಗೆ ಕೊಡಿಸುತ್ತಿದ್ದರು. ರೋಗ ಇದ್ದೂ ಬೇಡ ಎಂದವರ ಪಟ್ಟಿಯನ್ನು ಯಾರಿಗೂ ತೋರಿಸುವಂತಿಲ್ಲ. ಅದು ಅವರ ಇಷ್ಟ, ಅದನ್ನು ಮೀರಬಾರದೆಂದು ನಿಯಮ. ಒಳ್ಳೆಯ ನಿಯಮವೇ. ಆ ಮುಚ್ಚಿದ ಪಟ್ಟಿಯಲ್ಲಿ ಅವಳ ಸಂಖ್ಯೆ ಇತ್ತು.

ಬೀರು ತೆಗೆದು ಗಂಟು ಬಿಚ್ಚಿ ಹಳೆಯ ಹಾಳೆ ಹುಡುಕಿದೆ. ಹೌದು ಎಂಬ ಗುರುತು ನನ್ನ ಕೈಯದೇ. ಕೆಳಗೆ ನೀಲಿ ಹೆಬ್ಬೆಟ್ಟು, ಸುತ್ತ ಹಳದಿ. ಎದ್ದು ಎದುರಿನ ಕೋಣೆಗೆ ಹೋಗಿ ಡಾಕ್ಟರಿಗೆ ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರು, ಮತ್ತೆ ಹೊಸ ಹಾಳೆಯಲ್ಲಿ ಬೇಡ ಅಂತ ಯಾಕಿದೆ ಎಂದು ಕೇಳುವರು. ಆಗ ಹೆಬ್ಬೆಟ್ಟಿನ ಕಥೆ ಹೊರಗೆ ಬರುವುದು. ತಪಾಸಣೆಗೆ ಒಂಬತ್ತು ದಿನ ಉಳಿದಿತ್ತು. ಅದು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

ತಪಾಸಣೆಯವರು ಬಂದು ಹೊಗಳಿದರು. ಇಷ್ಟು ಒಪ್ಪವಾದ ಕಡತ ನಾವೆಲ್ಲೂ ನೋಡಿಲ್ಲ ಎಂದು ಟಿಪ್ಪಣಿ ಬರೆದರು. ಡಾಕ್ಟರು ಜಿಲೇಬಿ ತರಿಸಿದರು, ನಾನು ತಿಂದೆ. ಹೊಗಳಿಸಿಕೊಂಡ ಮೇಲೆ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಮಂದೆಗಳು ತಿರುಗಿ ಬರಲಿ ಎಂದೆ. ಬಂದವು. ಡಾಕ್ಟರ ವರ್ಗ ಆಗಲಿ, ಅವರ ಹೆಸರು ಕೆಡುವುದು ಬೇಡ ಎಂದೆ. ಅವರು ಹಳೆಯ ರಾಜ್ಯದ ಪಾಲಿಗೆ ಹೋದರು. ದಿನಾ ಸಂಜೆ ನಾರಾಯಣಪೇಟೆಯ ಬಸ್ಸಿಗೆ ಕಾಯುವಾಗ ಉಟ್ಕೂರಿನ ಶೇರ್ ಆಟೋಗಳು ನನ್ನ ಮುಂದೆಯೇ ನಿಂತು ಜನರನ್ನು ಕೂಗಿ ಕರೆಯುತ್ತಿದ್ದವು. ಒಂದರಲ್ಲಿ ಹತ್ತಿ ಕೂತರೆ ಆಯಿತು. ಯಾರಿಗೂ ಹೇಳದೆ, ಯಾವ ಕಾಗದವೂ ಇಲ್ಲದೆ, “ನಿನ್ನ ರಕ್ತದಾಗ ಐತವ್ವ, ದವಾಖಾನಿಗೆ ಹೋಗು” ಅಂದು ಬಂದಿದ್ದರೂ ಸಾಕಿತ್ತು. ನಾನು ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದೆ. ಹೆದರಿಕೆ ಅಂತ ಹೇಳಿಕೊಂಡಿದ್ದೇನೆ ಇಷ್ಟು ವರ್ಷ. ಹೆದರಿಕೆಗಿಂತ ಹೆಚ್ಚಾಗಿ ಅದು ಜಂಬ. ನನ್ನ ಕಡತದಲ್ಲಿ ತಪ್ಪಿದೆ ಎಂದು ನನ್ನ ಬಾಯಿಂದ ಬರಬಾರದು, ಅಷ್ಟೇ.

ಜಿಲ್ಲೆಗಳನ್ನು ಒಡೆದಾಗ ಗದ್ವಾಲ್ ಜಿಲ್ಲೆಯಾಯಿತು. ಮಕ್ತಲ್‌ನ ಘಟಕ ಮುಚ್ಚಿ ನನ್ನನ್ನು ಗದ್ವಾಲಿಗೆ ಹಾಕಿದರು. ಹಳೆಯ ರದ್ದಾದ ಕಾಗದಗಳನ್ನು ಸುಡಬೇಕೆಂದು ಆದೇಶ. ಎಲ್ಲವನ್ನೂ ಸುಟ್ಟೆ, ಅವಳದೊಂದನ್ನು ಬಿಟ್ಟು. ನಿವೃತ್ತಿಯಾದ ಮೇಲೂ ಆ ಹಾಳೆ ನನ್ನ ಟ್ರಂಕಿನಲ್ಲಿದೆ. ಉಳಿಸಿಕೊಂಡದ್ದು ದೊಡ್ಡ ಗುಣ ಎಂದು ಯಾರೂ ತಿಳಿಯಬೇಡಿ. ಈ ಬರಹವನ್ನೂ ಹಾಗೇ ತಿಳಿಯಬೇಡಿ. ಇದನ್ನು ಓದುವವರು ನೀವು, ಅವಳಿಗೆ ಓದಲು ಬಾರದು.

ಗದ್ವಾಲಿಗೆ ಬಂದ ವರ್ಷವೇ, ಸುಗ್ಗಿಯಾದ ಮೇಲೆ, ಒಂದು ಬೆಳಿಗ್ಗೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ದವಾಖಾನೆಗೆ ಹೋಗಿದ್ದೆ. ವರಾಂಡದ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು, “ಅಕ್ಕಾರ!” ಎಂದು ಕೂಗಿದಳು. ನನಗೆ ಗುರುತು ಹತ್ತಲಿಲ್ಲ. ಕಂಬಳಿ ಹೊದ್ದಿದ್ದಳು, ಸೊಂಟದಿಂದ ಮುಂದಕ್ಕೆ ಬಾಗಿ ಗೋಡೆ ಹಿಡಿದು ನಿಂತಿದ್ದಳು. ಸೊಂಟದ ಚೀಲ ನೋಡಿದ ಮೇಲೆ ಗೊತ್ತಾಯಿತು.

ಕಂಡದ್ದಕ್ಕೆ ಅವಳಿಗೆ ಎಂಥ ಸಂತೋಷ! ಮಂದೆ ಮಾನೋಪಾಡಿನ ಹತ್ತಿರ ಇದೆ ಎಂದಳು. ಹೊಲದಲ್ಲಿ ಏಳಲಾಗದೆ ಬಿದ್ದಳಂತೆ, ಗಂಡ ಕರೆತಂದು ಮೊನ್ನೆ ರಕ್ತ ಕೊಡಿಸಿ ಹೋಗಿದ್ದಾನಂತೆ. ಇವತ್ತು ಏನೆಂದು ಹೇಳುತ್ತಾರಂತೆ. ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಹೌದು, ನಾನೇ ಕೇಳಿದೆ.

“ತೋರ್ಸಾಕ ಏನಿತ್ರಿ? ಏನರ ಇದ್ದಿದ್ರ ನೀವು ಬಂದು ಹೇಳ್ತಿದ್ರಿ. ಭಂಡಾರ ಮುಟ್ಟಿದ್ರಿ. ನೀವು ಬರಲಿಲ್ಲ, ರಕ್ತ ಚೊಕ್ಕ ಐತಿ ಅಂತ ತಿಳಕೊಂಡ್ವಿ. ಹಂಗಾರ ಅತ್ತಿ ಹೇಳಿದಂಗ ದೇವರದ ಕಾಟ ಅಂತ ಹರಕಿ ಹೊತ್ತೆ. ಆಮ್ಯಾಲ ಇನ್ನೊಂದು ನಿಂತಿತ್ರಿ, ಐದು ತಿಂಗಳಿಗೆ ಹೋತು. ಹರಕಿಯಾಗ ಏನೋ ಕಡಿಮಿ ಆತು ಅಂತ ಕಾಲಾಗಿನ ಚಪ್ಪಲಿ ಬಿಟ್ಟೆ.”

ಅವಳ ಪಾದ ನೋಡಿದೆ. ಬರಿಗಾಲು, ಹಿಮ್ಮಡಿ ಬಿರಿದು ಬೆರಳು ಹೋಗುವಷ್ಟು ಸೀಳು. ನೆಲ ಬಿರಿದು ನುಂಗಬಾರದೇ ಎಂದು ಬರೀ ಬಾಯಿಮಾತಿಗೆ ಎಷ್ಟು ಸಲ ಅಂದಿದ್ದೇನೋ, ಅವತ್ತು ನಿಜವಾಗಿ ಅನಿಸಿತು.

“ಒಳಗ ನೀವೂ ಬರ್ರಿ ಅಕ್ಕಾರ. ಡಾಕ್ಟ್ರು ಭಾಳ ಜೋರ್ ಮಾತಾಡ್ತಾರ” ಎಂದಳು. ಹೋದೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ವರದಿ ಓದಿ ಹಣೆ ಗಂಟು ಹಾಕಿದರು. ಕುರಿಯಿಂದ ಬಂದ ರೋಗ, ಬೆನ್ನುಮೂಳೆಗೆ ಇಳಿದಿದೆ, ಬಹಳ ದಿನದ್ದು ಅನಿಸುತ್ತದೆ ಎಂದು ತೆಲುಗಿನಲ್ಲಿ ಹೇಳಿದರು. ಮೊದಲು ಯಾವಾಗಲಾದರೂ ಪರೀಕ್ಷೆ ಆಗಿತ್ತೇ ಎಂದು ಕೇಳಿದರು.

ಅವಳು ನನ್ನ ಕಡೆ ಕೈ ತೋರಿಸಿ, ತನ್ನ ಸಂತೆಯ ತೆಲುಗಿನಲ್ಲಿ, ಆಗಿತ್ತು, ಆಗ ಏನೂ ಇರಲಿಲ್ಲ, ಇದ್ದಿದ್ದರೆ ಈ ಅಕ್ಕಾರು ಬಂದು ಹೇಳುತ್ತಿದ್ದರು ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಸರ್ಕಾರಿ ನೌಕರಿಯವಳು, ಕೈಯಲ್ಲಿ ಕಡತ ಬೇರೆ.

“ಮೀಕು ತೆಲುಸಾ ಮೇಡಮ್? ಅಪ್ಪುಡು ಲೇದಾ?” ನಿಮಗೆ ಗೊತ್ತಾ, ಆಗ ಇರಲಿಲ್ಲವಾ?

ಹೇಳಲು ಅದೇ ಹೊತ್ತು. ಎರಡು ವರ್ಷ ಮುಂದೂಡಿದ್ದು ತಾನಾಗಿಯೇ ಬಂದು ನನ್ನ ಬಾಯಿಯ ಮುಂದೆ ನಿಂತಿತ್ತು. ಅವಳೂ ನನ್ನನ್ನೇ ನೋಡುತ್ತಿದ್ದಳು, ಸಂಶಯದಿಂದಲ್ಲ, ನನ್ನ ಸಾಕ್ಷಿ ಸಿಕ್ಕರೆ ಡಾಕ್ಟರು ಬೈಯುವುದಿಲ್ಲ ಎಂಬ ಧೈರ್ಯದಿಂದ.

“ಲೇದು ಸಾರ್” ಎಂದೆ. “ಅಪ್ಪುಡು ಏಮೀ ಲೇದು.” ಆಗ ಏನೂ ಇರಲಿಲ್ಲ.

ಡಾಕ್ಟರು ತಲೆಯಾಡಿಸಿ ಗುಳಿಗೆ ಬರೆದರು. ಹೊಟ್ಟೆ ನಿಲ್ಲುತ್ತದೆಯೇ ಎಂದು ಅವಳು ಕೇಳಿದಳು. ಮೊದಲು ಗುಳಿಗೆ ಮುಗಿಸು, ಬೆನ್ನು ಏನಾಗುತ್ತದೋ ನೋಡೋಣ ಎಂದರು. ಔಷಧಿಯ ಕಿಟಕಿಯಲ್ಲಿ ನಾನೇ ನಿಂತು ಗುಳಿಗೆ ತಂದುಕೊಟ್ಟೆ, ಬೆಳಿಗ್ಗೆಯದು ಯಾವುದು, ರಾತ್ರಿಯದು ಯಾವುದು ಎಂದು ಬೇರೆ ಬೇರೆ ಕಟ್ಟಿ ತೋರಿಸಿದೆ. ಅದನ್ನೂ ಒಪ್ಪವಾಗಿಯೇ ಕಟ್ಟಿದೆ.

ವರಾಂಡಕ್ಕೆ ಬಂದ ಮೇಲೆ ಅವಳು ಸೊಂಟದ ಚೀಲ ಬಿಚ್ಚಿದಳು. ಚಿಟಿಕೆ ಭಂಡಾರ ತೆಗೆದು, “ಈ ಸಲಾನೂ ನೀವ ಬೇಕಾತು ನೋಡ್ರಿ ಅಕ್ಕಾರ” ಎಂದು ನನ್ನ ಹಣೆಗೆ ಹಚ್ಚಲು ಕೈ ಎತ್ತಿದಳು. ಮೊದಲು ನನಗಿಂತ ಒಂದು ಗೇಣು ಎತ್ತರವಿದ್ದವಳು. ಬಾಗಿದ ಬೆನ್ನಿಗೆ ನನ್ನ ಹಣೆ ಎಟುಕಲಿಲ್ಲ. ನಾನೇ ಬಗ್ಗಿದೆ.